ಅಪ್‌ಡೇಟ್: ಜೀನ್ ಟೆಸ್ಟ್ ಮೊದಲು ಅಮ್ಮನಿಗೇ ಮಾಡಿಸಿದೆವು
ಅಮ್ಮನಿಗೆ 42ಕ್ಕೇ ಸ್ತನ ಕ್ಯಾನ್ಸರ್ ಬಂದಿತ್ತು, ನಾನು ಜೀನ್ ಟೆಸ್ಟ್ ಮಾಡಿಸಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಮಂಡ್ಯದಿಂದ ಮೈಸೂರಿಗೆ ಹೋಗಿ ಜೆನೆಟಿಕ್ ಕೌನ್ಸೆಲರ್ (ವಂಶದಲ್ಲಿ ಬರೋ ಕಾಯಿಲೆಗಳ ಬಗ್ಗೆ ಸಲಹೆ ಕೊಡೋರು) ಅವರನ್ನು ಕಂಡೆವು. ಅವರು ಒಂದು ಹಾಳೆ ಮೇಲೆ ನಮ್ಮ ಮೂರು ತಲೆಮಾರು ಬರೆದರು. ಕಾಯಿಲೆ ಬಂದವರ ಗುರುತಿಗೆ ಕಪ್ಪು ತುಂಬಿದರು. ಅಪ್ಪನ ಕಡೆಯವರನ್ನೂ ವಿಚಾರಿಸಿದರು. ಇಂಥ ಜೀನ್ ದೋಷ ತಂದೆಯಿಂದಲೂ ಬರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಮೊದಲು ಅಮ್ಮನಿಗೆ ಮಾಡಿಸಿ ಅಂದರು. ಕಾಯಿಲೆ ಬಂದವರಲ್ಲಿ ದೋಷ ಸಿಕ್ಕರೆ, ನಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕಂತೆ.

ಅಮ್ಮನಲ್ಲಿ ಬಿಆರ್‌ಸಿಎ1 ಅನ್ನೋ ಜೀನ್‌ನಲ್ಲಿ ದೋಷ ಸಿಕ್ಕಿತು, ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸೋ ದೋಷ ಅದು. ನನಗೂ ತಂಗಿಗೂ ಆ ದೋಷ ಬಂದಿರುವ ಸಾಧ್ಯತೆ ತಲಾ 50%. "ನನ್ನಿಂದಲೇ ಅಲ್ವೇನೇ" ಅಂತ ಅಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ತುಂಬಾ ಸಂಕಟವಾಯಿತು.

ನಾನು ಸೋಮವಾರ ರಕ್ತ ಕೊಡುತ್ತೇನೆ. ತಂಗಿ ಈಗ ಬೇಡ ಅಂದಳು, ಮದುವೆ ಮಾತು ನಡೀತಿದೆ. ಅವಳಿಗೆ ಒತ್ತಾಯ ಮಾಡಲ್ಲ.