ಪುಟ್ಟಿಗೆ, ಹಿಮದ ಕೆಲಸದ ಬಗ್ಗೆ

ಪುಟ್ಟೀ, ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ್ದ ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ರಜೆಯ ಜೊತೆ ಕೆಲಸಕ್ಕೂ ಬಿಡುವ ಆಸ್ಟ್ರೇಲಿಯಾ ವೀಸಾದ ಲಾಟರಿಯಲ್ಲಿ ಹೆಸರು ಬಂದಿದೆ, ಹಿಮದ ಮೇಲೆ ಜಾರುವುದನ್ನು ಕಲಿಸುವ ಕೆಲಸಕ್ಕೆ ಸ್ಕೀ ಸ್ಕೂಲಿನವರೂ ಕರೆದಿದ್ದಾರೆ. ಆದರೂ "ಅಕ್ಕಾ, ನಾನು ಹಿಮ ನೋಡಿದ್ದೇ 22ನೇ ವಯಸ್ಸಿಗೆ, ನನ್ನ ಹತ್ತಿರ ಯಾರು ಕಲಿಯುತ್ತಾರೆ" ಅಂತ ನೀನು ಕೇಳಿದೆ ಅಲ್ವಾ.

2025ರ ಜೂನ್‌ನಲ್ಲಿ, ಅಲ್ಲಿ ಚಳಿಗಾಲ ಶುರುವಾದಾಗ, ನ್ಯೂ ಸೌತ್ ವೇಲ್ಸ್ ರಾಜ್ಯದ ಸ್ಕೀ ಬೆಟ್ಟಗಳ ಹತ್ತಿರದ ಊರು ಜಿಂಡಬೈನ್‌ಗೆ ಬಸ್ ಹತ್ತಿದಾಗ ನನಗೂ ಇದೇ ಭಯ. ಕಿಟಕಿಯಾಚೆ ನೀಲಗಿರಿ ಜಾತಿಯ ಮರಗಳು, ಅವುಗಳ ಬುಡದಲ್ಲಿ ಹಿಮ. ನಮ್ಮೂರ ತೋಪು ನೆನಪಾಗಿ ಸ್ವಲ್ಪ ಸಮಾಧಾನ ಆಯಿತು.

ಹೊಸ ಇನ್‌ಸ್ಟ್ರಕ್ಟರಿಗೆ ಯಾರೂ ಕಡಿದಾದ ಇಳಿಜಾರು ಕೊಡುವುದಿಲ್ಲ ಪುಟ್ಟೀ. ಸಿಗುವುದು ಮೊದಲ ಸಲ ಹಿಮ ತುಳಿಯುವವರು, ಅದರಲ್ಲೂ ಮಕ್ಕಳೇ ಜಾಸ್ತಿ. ಅದಕ್ಕೇ ಆ ರಾಜ್ಯದ ನಿಯಮದಂತೆ ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ತಪಾಸಣೆ ಆಗಬೇಕು. ಅದಕ್ಕೆ ಬೇಗ ಅರ್ಜಿ ಹಾಕು.

ನನ್ನ ಮೊದಲ ಗುಂಪಿನಲ್ಲಿ ಒಬ್ಬ ಪುಟಾಣಿ ಬಿದ್ದಲ್ಲೇ ಕೂತು ಅಳುತ್ತಿದ್ದ. ಏಳಲು ನೋಡುತ್ತಾನೆ, ಮತ್ತೆ ಜಾರುತ್ತಾನೆ. ಸ್ಕೀ ಎರಡೂ ಕೆಳಮುಖವಾಗಿದ್ದವು. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಕಲಿಯುವಾಗ ನಾನು ಇಡೀ ಬೆಳಗ್ಗೆ ಒದ್ದಾಡಿದ್ದೂ ಇದೇ ತಪ್ಪಿಗೆ! ಅವನ ಪಕ್ಕ ನಾನೂ ಕೂತೆ. ಸ್ಕೀಗಳನ್ನು ಇಳಿಜಾರಿಗೆ ಅಡ್ಡ ತಿರುಗಿಸಿಕೊಂಡು ಎದ್ದು ತೋರಿಸಿದೆ. ಅವನೂ ಎದ್ದ. ಆಮೇಲೆ ಸ್ಕೀಯ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಪಿಜ್ಜಾ ತುಂಡಿನ ಹಾಗೆ ಇಟ್ಟು ನಿಲ್ಲುವುದನ್ನು ಕಲಿಸಿದೆ. ಮಧ್ಯಾಹ್ನಕ್ಕೆ ತಾನೇ ಬ್ರೇಕ್ ಹಾಕಿ ನಿಂತ. ಮೂರು ವರ್ಷಕ್ಕೇ ಕಲಿತವರಿಗೆ ಆ ಭಯ ನೆನಪಿರುವುದಿಲ್ಲ. ನಿನಗೆ ಅದು ಇನ್ನೂ ಹಸಿಯಾಗಿದೆ, ಮಗು ಎಲ್ಲಿ ತಡವರಿಸುತ್ತದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ನೀನು ಯೋಚಿಸಬೇಕಾದದ್ದು ದುಡ್ಡಿನ ಬಗ್ಗೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನನಗೆ ಕಲಿಸಿದ ಗಂಟೆಗಷ್ಟೇ ಸಂಬಳ ಇತ್ತು. ಸೀಸನ್ ಜೂನ್‌ನಲ್ಲಿ ಶುರುವಾದರೂ ಹಿಮ ಕಡಿಮೆ ಇದ್ದರೆ ಪಾಠವೂ ಕಡಿಮೆ. ಮೊದಲ ಎರಡು ವಾರ ರಾತ್ರಿ ಲೆಕ್ಕ ಹಾಕಿ ಅತ್ತಿದ್ದೇನೆ. ಜುಲೈನಲ್ಲಿ ಸ್ಕೂಲ್ ರಜೆ ಬಂತು ನೋಡು, ನೀರು ಕುಡಿಯಲೂ ಬಿಡುವಿಲ್ಲ. ಎರಡು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಂಡೇ ಹೋಗು, ರೂಮನ್ನು ಇಲ್ಲಿಂದಲೇ ಗೊತ್ತುಮಾಡು. ಬೂಟು ಮಾತ್ರ ಅಲ್ಲೇ ಕಾಲಿಗೆ ಹಾಕಿ ನೋಡಿ ತಗೋ. ದಿನಾ ಅದರಲ್ಲೇ ನಿಲ್ಲಬೇಕು.

ದೊಡ್ಡಮ್ಮಾ, ನೀವೂ ಕೇಳಿಸಿಕೊಳ್ಳಿ. ಆ ವೀಸಾದಲ್ಲಿ ಸಾಮಾನ್ಯವಾಗಿ ಒಬ್ಬರ ಹತ್ತಿರ ಆರು ತಿಂಗಳಿಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ. ಸೀಸನ್ ಅಕ್ಟೋಬರ್ ಶುರುವಿಗೇ ಮುಗಿಯುತ್ತದೆ. ಅನ್ನ, ಬೇಳೆಗೆ ತೊಂದರೆ ಇಲ್ಲ, ನಾವು ನಾಲ್ಕು ಹುಡುಗಿಯರು ಸೇರಿ ಅಡುಗೆ ಮಾಡುತ್ತಿದ್ದೆವು. ಸಾರಿನ ಪುಡಿ ಕೊಡಿ, ಆದರೆ ಪುಟ್ಟೀ, ಅಲ್ಲಿ ಇಳಿದಾಗ, ತಂದ ತಿನ್ನುವ ಸಾಮಾನಿನ ಬಗ್ಗೆ ಕೇಳುವ ಫಾರಂನಲ್ಲಿ ಅದನ್ನು ತಪ್ಪದೆ ಬರಿ.

ಭಾನುವಾರ ಮನೆಗೆ ಬರುತ್ತೇನೆ. ನನ್ನ ದಪ್ಪ ಗ್ಲೌಸ್ ಎರಡು ಜೊತೆ ಇದೆ, ತರುತ್ತೇನೆ. ಒಂದು ಒದ್ದೆಯಾದಾಗ ಇನ್ನೊಂದು ಬೇಕಾಗುತ್ತದೆ.