ಜಾಂಗೊ + ಪೋಸ್ಟ್‌ಗ್ರೆಸ್: ಆವಕ ಜಾಸ್ತಿ ಇದ್ದ ದಿನ ‘ಟೂ ಮೆನಿ ಕ್ಲೈಂಟ್ಸ್’, ಬೆಳಗ್ಗೆ ಮೊದಲ ತೂಕಕ್ಕೆ ಕನೆಕ್ಷನ್ ಕಟ್

ಬಾತಿಕೆರೆ, ದಾವಣಗೆರೆ

ದಾವಣಗೆರೆ ಎಪಿಎಂಸಿ ಯಾರ್ಡಿನ ಅಡತಿ ಅಂಗಡಿಯೊಂದರ ಲೆಕ್ಕದ ಆ್ಯಪ್ ಇದು. ರೈತರ ಹೆಸರು, ಲಾಟ್ ನಂಬರ್, ತೂಕ, ಹಮಾಲಿ, ಕೊನೆಗೆ ಪಟ್ಟಿ (ರೈತರಿಗೆ ಕೊಡೋ ಲೆಕ್ಕದ ಚೀಟಿ). ಬರೆದಿರೋದು ಜಾಂಗೊ 5.2ರಲ್ಲಿ (ಪೈಥಾನ್‌ನ ವೆಬ್ ಚೌಕಟ್ಟು), ಡೇಟಾಬೇಸ್ ಜತೆ ಮಾತಾಡೋಕೆ ಸೈಕೋಪ್‌ಜಿ 3. ಡೇಟಾಬೇಸ್ ಮೊದಲು ಎಸ್‌ಕ್ಯುಲೈಟ್ ಇತ್ತು, ಈಗ ಪೋಸ್ಟ್‌ಗ್ರೆಸ್ 16ಕ್ಕೆ ಬಂದಿದೆ. 2 ಕೋರ್, 4 ಜಿಬಿಯ ವಿಪಿಎಸ್ (ಬಾಡಿಗೆ ಸರ್ವರ್) ಒಂದೇ. ಆ್ಯಪ್, ಡೇಟಾಬೇಸ್ ಎರಡೂ ಅದರಲ್ಲೇ. ಆ್ಯಪ್ ಓಡಿಸೋ ಗುನಿಕಾರ್ನ್‌ಗೆ 9 ವರ್ಕರ್ (ಪ್ರೊಸೆಸ್), ತಲಾ 12 ಥ್ರೆಡ್ (ಅದರೊಳಗಿನ ಕೆಲಸದ ಎಳೆ) ಕೊಟ್ಟಿದೆ. ಕಾನ್_ಮ್ಯಾಕ್ಸ್_ಏಜ್ (ಡೇಟಾಬೇಸ್ ಕನೆಕ್ಷನ್ನಿನ ವಯಸ್ಸಿನ ಮಿತಿ, ಸೆಕೆಂಡ್‌ನಲ್ಲಿ) 600, ಅಟಾಮಿಕ್_ರಿಕ್ವೆಸ್ಟ್ಸ್ ಟ್ರೂ.

ಮೂರು ತೊಂದರೆ.

ಮೆಕ್ಕೆಜೋಳದ ಆವಕ ಜಾಸ್ತಿ ಇದ್ದ ದಿನ ಮಧ್ಯಾಹ್ನದ ಹೊತ್ತಿಗೆ ‘ಫೇಟಲ್: ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಬಂದು ಪಟ್ಟಿ ಹರಿಯೋದು ನಿಲ್ಲುತ್ತೆ. ಉಳಿದ ದಿನ ಏನೂ ಇಲ್ಲ.

ಎರಡನೇದು, ವೇಬ್ರಿಡ್ಜ್‌ನ (ಗಾಡಿ ತೂಗೋ ಕಟ್ಟೆ) ಲಿನಕ್ಸ್ ಕಂಪ್ಯೂಟರ್‌ನಲ್ಲಿ ಒಂದು ಮ್ಯಾನೇಜ್‌ಮೆಂಟ್ ಕಮಾಂಡ್ (ಜಾಂಗೊದ ಸ್ಕ್ರಿಪ್ಟ್) ‘ವೈಲ್ ಟ್ರೂ’ನಲ್ಲಿ, ಅಂದರೆ ನಿಲ್ಲದ ಲೂಪಿನಲ್ಲಿ ಓಡ್ತಿರುತ್ತೆ. ಸೀರಿಯಲ್ ಪೋರ್ಟಿಂದ ತೂಕ ಓದಿ, ಇಂಟರ್‌ನೆಟ್ ಮೂಲಕ ನೇರ ವಿಪಿಎಸ್‌ನ 5432ಕ್ಕೆ (ಪೋಸ್ಟ್‌ಗ್ರೆಸ್‌ನ ಪೋರ್ಟ್) ಬರೆಯುತ್ತೆ. ಬೆಳಗ್ಗೆ ಮೊದಲ ಗಾಡಿಗೆ ‘ಸರ್ವರ್ ಕ್ಲೋಸ್ಡ್ ದ ಕನೆಕ್ಷನ್ ಅನೆಕ್ಸ್‌ಪೆಕ್ಟೆಡ್ಲಿ’. ಒಂದೊಂದು ಸಲ ಎರರ್ ಕೂಡ ಬರದೆ ಕಾಲು ಗಂಟೆ ಹಾಗೇ ನಿಂತಿರುತ್ತೆ.

ಮೂರನೇದು, ರೈತರ ಹೆಸರುಗಳು ಕನ್ನಡ ಅಕ್ಷರಕ್ರಮದಲ್ಲಿ ಬರ್ತಿಲ್ಲ. ಕಣ್ಣಿಗೆ ಒಂದೇ ರೀತಿ ಕಾಣೋ ಹೆಸರು ಎರಡು ಸಲ ಸೇರಿಕೊಂಡಿರೋದೂ ಇದೆ.

ಮೊದಲನೇದಕ್ಕೆ ಪೋಸ್ಟ್‌ಗ್ರೆಸ್‌ನ ಮ್ಯಾಕ್ಸ್_ಕನೆಕ್ಷನ್ಸ್ (ಒಟ್ಟಿಗೆ ಇರಬಹುದಾದ ಕನೆಕ್ಷನ್‌ಗಳ ಮಿತಿ) 500 ಮಾಡಿಬಿಟ್ಟರೆ ಸಾಕಾ?

ಜೋಗಿಮಟ್ಟಿ, ಚಿತ್ರದುರ್ಗ

500 ಮಾಡಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ ಅಂದರೆ ಒಂದೊಂದು ಪೂರ್ತಿ ಪ್ರೊಸೆಸ್. ಎರಡು ಕೋರ್ ಮೇಲೆ ನೂರಾರು ಪ್ರೊಸೆಸ್ ಒಟ್ಟಿಗೆ ಕೆಲಸಕ್ಕೆ ನಿಂತರೆ ಎಲ್ಲವೂ ನಿಧಾನ ಆಗ್ತವೆ, ಮೆಮೊರಿ ಮುಗಿದರೆ ಡೇಟಾಬೇಸೇ ಬೀಳುತ್ತೆ.

ಮೊದಲು ಲೆಕ್ಕ ಹಾಕಿ. ಜಾಂಗೊದಲ್ಲಿ ಕನೆಕ್ಷನ್ ಇರೋದು ಥ್ರೆಡ್‌ಗೆ ಒಂದು. ನಿಮ್ಮಲ್ಲಿ 9 × 12 = 108. ಮ್ಯಾಕ್ಸ್_ಕನೆಕ್ಷನ್ಸ್ ಡಿಫಾಲ್ಟ್ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಆ್ಯಪ್‌ಗೆ ಸಿಗೋದು 97. ಅದರಲ್ಲೇ ವೇಬ್ರಿಡ್ಜ್ ಸ್ಕ್ರಿಪ್ಟ್‌ಗೂ ಒಂದು ಬೇಕು. ಎಲ್ಲ ಥ್ರೆಡ್ ಎದ್ದ ದಿನ ಈ ಎರರ್ ಬರಲೇಬೇಕು.

ಬೇರೆ ದಿನ ಯಾಕೆ ಬರಲ್ಲ ಅಂದರೆ, ಗುನಿಕಾರ್ನ್ 12 ಥ್ರೆಡ್ಡನ್ನೂ ಮೊದಲೇ ಎಬ್ಬಿಸಲ್ಲ. ಖಾಲಿ ಥ್ರೆಡ್ ಇಲ್ಲದಾಗ ಮಾತ್ರ ಹೊಸದು ಹುಟ್ಟುತ್ತೆ. ಒಮ್ಮೆ ಹುಟ್ಟಿದ ಥ್ರೆಡ್ ತನ್ನ ಕನೆಕ್ಷನ್ ಹಿಡಿದುಕೊಂಡೇ ಕೂತಿರುತ್ತೆ. ಇಲ್ಲಿ ಬಹಳ ಜನ ತಪ್ಪು ತಿಳಿಯೋ ವಿಷಯ ಒಂದಿದೆ: 600 ಸೆಕೆಂಡ್ ಆದ ಕೂಡಲೇ ಕನೆಕ್ಷನ್ ತಾನಾಗಿ ಮುಚ್ಚಲ್ಲ. ಆ ವಯಸ್ಸನ್ನು ಜಾಂಗೊ ನೋಡೋದು ರಿಕ್ವೆಸ್ಟ್‌ನ ಶುರು ಮತ್ತು ಕೊನೆಯಲ್ಲಿ, ಅದೂ ಅದೇ ಥ್ರೆಡ್‌ನಲ್ಲಿ. ಆ ಥ್ರೆಡ್‌ಗೆ ಮತ್ತೆ ಕೆಲಸ ಬರದಿದ್ದರೆ ಗಂಟೆಗಟ್ಟಲೆ ತೆರೆದೇ ಇರುತ್ತೆ.

ಮಾಡಬೇಕಾದ್ದು: ವರ್ಕರ್ 5 (ಕೋರ್ ಸಂಖ್ಯೆಯ ಎರಡರಷ್ಟಕ್ಕೆ ಒಂದು ಸೇರಿಸಿ), ಥ್ರೆಡ್ 4. ಒಟ್ಟು 20. ಎರಡು ಕೋರ್‌ಗೆ ಇದೇ ಧಾರಾಳ. ಥ್ರೆಡ್ ಜಾಸ್ತಿ ಬೇಕೇ ಬೇಕು ಅಂದರೆ ಜಾಂಗೊ 5.1ರಿಂದ ಪೂಲ್ (ಕೆಲವೇ ಕನೆಕ್ಷನ್‌ಗಳನ್ನು ಥ್ರೆಡ್‌ಗಳು ಹಂಚಿಕೊಳ್ಳೋ ವ್ಯವಸ್ಥೆ) ಒಳಗೇ ಇದೆ. ಸೈಕೋಪ್‌ಜಿ 3ನ್ನು ‘ಪೂಲ್’ ಎಕ್ಸ್‌ಟ್ರಾ ಜತೆ ಹಾಕಿಕೊಳ್ಳಿ, ಆಪ್ಷನ್ಸ್‌ನಲ್ಲಿ ‘ಪೂಲ್’ಗೆ ಮಿನ್_ಸೈಜ್ 2, ಮ್ಯಾಕ್ಸ್_ಸೈಜ್ 4, ಟೈಮ್‌ಔಟ್ 10 ಕೊಡಿ. ಕಾನ್_ಮ್ಯಾಕ್ಸ್_ಏಜ್ ಆಗ 0 ಇರಲೇಬೇಕು, ಇಲ್ಲದಿದ್ದರೆ ‘ಇಂಪ್ರಾಪರ್ಲಿ ಕಾನ್ಫಿಗರ್ಡ್’ ಅಂತ ನಿಲ್ಲುತ್ತೆ. ಪೂಲ್ ಇರೋದು ಪ್ರೊಸೆಸ್‌ಗೆ ಒಂದು, ಇಡೀ ಸರ್ವರ್‌ಗೆ ಒಂದಲ್ಲ. 5 ವರ್ಕರ್ ಇದ್ದರೆ 5 × 4.

ಪಿಜಿಬೌನ್ಸರ್ (ಆ್ಯಪ್ ಹೊರಗಿನ ಪೂಲ್) ಈ ಗಾತ್ರಕ್ಕೆ ಬೇಡ. ಮುಂದೆ ಎರಡನೇ ಆ್ಯಪ್ ಸರ್ವರ್ ಬಂದರೆ ಆಗ ಹಾಕಿ, ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಡಿಸೇಬಲ್_ಸರ್ವರ್_ಸೈಡ್_ಕರ್ಸರ್ಸ್ ಟ್ರೂ ಮಾಡೋದು ಮರೀಬೇಡಿ.

ಅದಕ್ಕೂ ಮೊದಲು, ಎರರ್ ಬರುವ ಹೊತ್ತಿಗೆ ಪೋಸ್ಟ್‌ಗ್ರೆಸ್ ಸೂಪರ್‌ಯೂಸರ್ ಆಗಿ ಒಳಗೆ ಹೋಗಿ (ಆ 3 ಮೀಸಲು ಇರೋದೇ ಇದಕ್ಕೆ) ಇದನ್ನು ಓಡಿಸಿ ಉತ್ತರ ಇಲ್ಲಿ ಹಾಕಿ:

ಸೆಲೆಕ್ಟ್ ಸ್ಟೇಟ್, ಕೌಂಟ್(*) ಫ್ರಮ್ ಪಿಜಿ_ಸ್ಟಾಟ್_ಆ್ಯಕ್ಟಿವಿಟಿ ವೇರ್ ಡೇಟ್‌ನೇಮ್ = 'ಮಂಡಿ' ಗ್ರೂಪ್ ಬೈ ಸ್ಟೇಟ್;

ಬಾತಿಕೆರೆ

ಇವತ್ತು ಎರರ್ ಬಂದಾಗ ತೆಗೆದದ್ದು: ಐಡಲ್ 70, ಐಡಲ್ ಇನ್ ಟ್ರಾನ್ಸಾಕ್ಷನ್ 24, ಆ್ಯಕ್ಟಿವ್ 3. ಪಟ್ಟಿ ಸೇವ್ ಮಾಡೋ ವ್ಯೂನಲ್ಲಿ ರೈತರಿಗೆ ಎಸ್ಸೆಮ್ಮೆಸ್ ಕಳಿಸೋ ಎಪಿಐ ಕರೆನೂ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹೊಂಡದ_ಸರ್ಕಲ್, ದಾವಣಗೆರೆ

ಇದೆ. ಆ 24 ಅದೇ. 70 ಐಡಲ್ ಅಂದರೆ ಸುಮ್ಮನೆ ಕೂತಿರೋ ಕನೆಕ್ಷನ್, ಜೋಗಿಮಟ್ಟಿಯವರು ಹೇಳಿದ ಲೆಕ್ಕಕ್ಕೆ ಸೇರಿದ್ದು. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂದರೆ ಬಿಗಿನ್ ಆಗಿದೆ (ಬರಹ ಶುರು), ಕಮಿಟ್ ಆಗಿಲ್ಲ (ಖಾಯಂ ಆಗಿಲ್ಲ), ಡೇಟಾಬೇಸ್‌ಗೆ ಸದ್ಯ ಕೆಲಸವೂ ಇಲ್ಲ. ಅದು ಕಾಯ್ತಿರೋದು ನಿಮ್ಮ ಪೈಥಾನ್ ಕೋಡ್‌ಗೆ, ಪೈಥಾನ್ ಕಾಯ್ತಿರೋದು ಎಸ್ಸೆಮ್ಮೆಸ್ ಸರ್ವರ್‌ಗೆ.

ಅಟಾಮಿಕ್_ರಿಕ್ವೆಸ್ಟ್ಸ್ ಟ್ರೂ ಇದ್ದಾಗ ಇಡೀ ವ್ಯೂ ಒಂದೇ ಟ್ರಾನ್ಸಾಕ್ಷನ್. ಲಾಟ್ ನಂಬರ್ ಕೊಡೋಕೆ ಸೆಲೆಕ್ಟ್_ಫಾರ್_ಅಪ್‌ಡೇಟ್ ಬಳಸಿದ್ದರೆ ಆ ಸಾಲಿನ ಬೀಗವೂ ಎಸ್ಸೆಮ್ಮೆಸ್ ಮುಗಿಯೋವರೆಗೆ ನಿಮ್ಮ ಕೈಯಲ್ಲೇ. ಹಿಂದೆ ಬರೋ ಪಟ್ಟಿಗಳೆಲ್ಲ ಸಾಲಾಗಿ ನಿಲ್ತವೆ, ಥ್ರೆಡ್ ಖಾಲಿ ಆಗಲ್ಲ, ಹೊಸ ಥ್ರೆಡ್ ಹುಟ್ಟುತ್ತೆ, ಹೊಸ ಕನೆಕ್ಷನ್ ತೆರೆಯುತ್ತೆ. ಹಾಗಾಗಿ ವರ್ಕರ್ ಸಂಖ್ಯೆ ಇಳಿಸಿದರೆ ಎರರ್ ಹೋಗುತ್ತೆ, ಸಾಲು ಮಾತ್ರ ಉಳಿಯುತ್ತೆ. ಮೂಲ ಸರಿ ಮಾಡಬೇಕು.

ಎಸ್ಸೆಮ್ಮೆಸ್ ಕರೆಯನ್ನು ಟ್ರಾನ್ಸಾಕ್ಷನ್.ಆನ್_ಕಮಿಟ್ ಒಳಗೆ ಹಾಕಿ. ಪಟ್ಟಿ ಕಮಿಟ್ ಆದಮೇಲೆ ಮಾತ್ರ ಅದು ಓಡುತ್ತೆ. ಪಟ್ಟಿ ರೋಲ್‌ಬ್ಯಾಕ್ ಆದರೆ (ರದ್ದಾದರೆ) ಸುಳ್ಳು ಮೆಸೇಜೂ ಹೋಗಲ್ಲ. ಆದರೆ ಇದರಲ್ಲೂ ಒಂದು ಹಳ್ಳ ಇದೆ. ಆನ್_ಕಮಿಟ್ ಒಳಗೆ ಎಕ್ಸೆಪ್ಷನ್ ಬಂದರೆ ಡೇಟಾ ಉಳಿದಿರುತ್ತೆ, ಪರದೆ ಮೇಲೆ ಮಾತ್ರ 500 ಎರರ್. ಗುಮಾಸ್ತರು ಪಟ್ಟಿ ಸೇರಿಲ್ಲ ಅಂದುಕೊಂಡು ಇನ್ನೊಮ್ಮೆ ಒತ್ತುತ್ತಾರೆ, ಒಂದೇ ಲಾಟಿಗೆ ಎರಡು ಪಟ್ಟಿ. ರೊಬಸ್ಟ್=ಟ್ರೂ ಕೊಡಿ (ಜಾಂಗೊ 4.2ರಿಂದ ಇದೆ), ಆಗ ತಪ್ಪು ಲಾಗ್‌ಗೆ ಹೋಗುತ್ತೆ, ರಿಕ್ವೆಸ್ಟ್ ಕೆಡಲ್ಲ.

ರಿಕ್ವೆಸ್ಟ್ಸ್ ಲೈಬ್ರರಿ ಬಳಸ್ತಿದ್ದರೆ ಟೈಮ್‌ಔಟ್ ಕೊಟ್ಟಿದ್ದೀರಾ ನೋಡಿ. ಕೊಡದಿದ್ದರೆ ಡಿಫಾಲ್ಟ್ ಇಲ್ಲವೇ ಇಲ್ಲ, ಎದುರಿನ ಸರ್ವರ್ ಉತ್ತರ ಕೊಡೋವರೆಗೂ ಕಾಯುತ್ತೆ. ಟೈಮ್‌ಔಟ್=(3, 5) ಇರಲಿ: ಕನೆಕ್ಟ್ ಆಗೋಕೆ 3 ಸೆಕೆಂಡ್, ಉತ್ತರಕ್ಕೆ 5. ಇನ್ನೂ ಒಳ್ಳೇದು ಅಂದರೆ ಎಸ್ಸೆಮ್ಮೆಸ್ಸನ್ನು ಒಂದು ಟೇಬಲ್‌ಗೆ ಬರೆದಿಟ್ಟು ಬೇರೆ ಪ್ರೊಸೆಸ್ ಕಳಿಸೋದು.

ಕಾವಲಿಗೆ, ಆ್ಯಪ್‌ನ ರೋಲ್ ಮೇಲೆ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ = '30s' ಅಂತ ಆಲ್ಟರ್ ರೋಲ್‌ನಲ್ಲಿ ಹಾಕಿ. ಕೊನೆಯ ಅಕ್ಷರ ಸೆಕೆಂಡ್‌ನ ಗುರುತು. ಅದಿಲ್ಲದೆ ಬರೀ 30 ಅಂತ ಬರೆದರೆ 30 ಮಿಲಿಸೆಕೆಂಡ್ ಆಗುತ್ತೆ. ಎಸ್ಸೆಮ್ಮೆಸ್ ಹೊರಗೆ ತಂದಮೇಲೆ ಹಾಕಿ, ಮೊದಲೇ ಹಾಕಿದರೆ ಅರ್ಧ ಆದ ಪಟ್ಟಿಗಳು ಕಡಿದು ಬೀಳ್ತವೆ.

ಜೋಗಿಮಟ್ಟಿ

ಒಪ್ಪಿದೆ. 24ನ್ನು ನೋಡದೇ ಪೂಲ್ ಹಾಕಿದ್ದರೆ ಅದೇ ತೊಂದರೆ ‘ಪೂಲ್ ಟೈಮ್‌ಔಟ್’ ಅನ್ನೋ ಹೆಸರಲ್ಲಿ ಬರ್ತಿತ್ತು. ಆನ್_ಕಮಿಟ್ ಮೊದಲು, ವರ್ಕರ್ ಲೆಕ್ಕ ಆಮೇಲೆ.

ವೇಬ್ರಿಡ್ಜ್ ವಿಷಯ. ಮ್ಯಾನೇಜ್‌ಮೆಂಟ್ ಕಮಾಂಡ್‌ನಲ್ಲಿ ರಿಕ್ವೆಸ್ಟ್ ಅನ್ನೋದೇ ಇಲ್ಲ. ಕಾನ್_ಮ್ಯಾಕ್ಸ್_ಏಜ್ ಆಗಲಿ ಕಾನ್_ಹೆಲ್ತ್_ಚೆಕ್ಸ್ ಆಗಲಿ ರಿಕ್ವೆಸ್ಟ್ ಶುರುವಾದಾಗ ಕೆಲಸ ಮಾಡುವಂಥವು, ನಿಮ್ಮ ‘ವೈಲ್ ಟ್ರೂ’ಗೆ ಅವು ತಾನಾಗಿ ಅನ್ವಯಿಸಲ್ಲ. ನಿನ್ನೆ ಸಂಜೆಯ ಕನೆಕ್ಷನ್ನನ್ನೇ ಇವತ್ತು ಬೆಳಗ್ಗೆ ಬಳಸ್ತಿದ್ದೀರಿ. ನಡುವೆ ರೂಟರ್ ಅದನ್ನು ಮರೆತಿರುತ್ತೆ, ಇಲ್ಲವೇ ಕರೆಂಟ್ ಹೋಗಿ ಬಂದಿರುತ್ತೆ. ಲೂಪಿನ ಪ್ರತಿ ಸುತ್ತಿನ ಮೊದಲಲ್ಲಿ ಕ್ಲೋಸ್_ಓಲ್ಡ್_ಕನೆಕ್ಷನ್ಸ್() ಕರೆಯಿರಿ, ಆ ಸ್ಕ್ರಿಪ್ಟ್‌ನ ಸೆಟ್ಟಿಂಗ್ಸ್‌ನಲ್ಲಿ ಕಾನ್_ಮ್ಯಾಕ್ಸ್_ಏಜ್ 0 ಇಡಿ. ಗಾಡಿಗೊಂದು ಹೊಸ ಕನೆಕ್ಷನ್ ತೆರೆದರೆ ಏನೂ ನಷ್ಟ ಇಲ್ಲ.

ಆ ಕಾಲು ಗಂಟೆ ಎಲ್ಲಿಂದ ಬಂತು ಅಂದರೆ, ರೂಟರ್ ಸದ್ದಿಲ್ಲದೆ ಕನೆಕ್ಷನ್ ಬಿಟ್ಟಾಗ ಲಿನಕ್ಸ್ ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತೆ. ಎಷ್ಟು ಸಲ ಅನ್ನೋ ಟಿಸಿಪಿ_ರಿಟ್ರೈಸ್2 ಡಿಫಾಲ್ಟ್ 15. ಸೋಲು ಒಪ್ಪೋಕೆ ಸುಮಾರು 924 ಸೆಕೆಂಡ್ ಬೇಕು, ಅಂದರೆ 15 ನಿಮಿಷ ಚಿಲ್ಲರೆ. ಕೀಪ್‌ಅಲೈವ್ (ಕನೆಕ್ಷನ್ ಬದುಕಿದೆಯಾ ಅಂತ ಆಗಾಗ ತಟ್ಟಿ ನೋಡೋದು) ಇಲ್ಲಿ ಅರ್ಧ ಮದ್ದು ಮಾತ್ರ, ಉತ್ತರ ಬರದ ಡೇಟಾ ದಾರಿಯಲ್ಲಿದ್ದಾಗ ಅದು ಕೆಲಸಕ್ಕೆ ಬರಲ್ಲ. ಆಪ್ಷನ್ಸ್‌ನಲ್ಲಿ ಟಿಸಿಪಿ_ಯೂಸರ್_ಟೈಮ್‌ಔಟ್ 10000 ಹಾಕಿ, ಇದು ಮಿಲಿಸೆಕೆಂಡ್. ಕನೆಕ್ಟ್_ಟೈಮ್‌ಔಟ್ 5 ಹಾಕಿ, ಇದು ಸೆಕೆಂಡ್. ಎರಡರ ಅಳತೆ ಬೇರೆ, ಅದಲು ಬದಲು ಮಾಡಬೇಡಿ.

ಇದೆಲ್ಲದಕ್ಕಿಂತ ನನಗೆ ಕಳವಳ ಆಗಿರೋದು 5432 ಇಂಟರ್‌ನೆಟ್‌ಗೆ ತೆರೆದಿರೋದು. ಎಸ್‌ಎಸ್‌ಎಲ್‌ಮೋಡ್ ಡಿಫಾಲ್ಟ್ ‘ಪ್ರಿಫರ್’, ಅಂದರೆ ಗೂಢಲಿಪಿ ಸಿಗದಿದ್ದರೆ ಬರೀ ಮೈಯಲ್ಲೇ ಮಾತಾಡುತ್ತೆ. ಸರ್ವರ್‌ನ ಲಿಸನ್_ಅಡ್ರೆಸಸ್ಸನ್ನು ಲೋಕಲ್‌ಹೋಸ್ಟ್‌ಗೆ ತಂದು, ವೇಬ್ರಿಡ್ಜ್‌ನಿಂದ ಎಚ್‌ಟಿಟಿಪಿಎಸ್ ಮೂಲಕ ಆ್ಯಪ್‌ಗೆ ತೂಕ ಕಳಿಸಿ. ನೇರ ಕನೆಕ್ಷನ್ನೇ ಬೇಕು ಅಂದರೆ ವೈರ್‌ಗಾರ್ಡ್ (ವಿಪಿಎನ್) ಒಳಗೆ.

ತೂಕವನ್ನು ಮೊದಲು ಆ ಕಂಪ್ಯೂಟರ್‌ನ ಎಸ್‌ಕ್ಯುಲೈಟ್ ಫೈಲಿಗೆ ಬರೆದು, ಪ್ರತಿ ತೂಕಕ್ಕೂ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಇರದ ಗುರುತು) ಕೊಟ್ಟು, ಆಮೇಲೆ ಕಳಿಸಿ. ಸರ್ವರ್ ಕಡೆ ಆ ಕಾಲಂ ಯೂನಿಕ್ ಇರಲಿ (ಒಂದೇ ಬೆಲೆ ಎರಡು ಸಲ ಸೇರದಂತೆ). ಕಮಿಟ್ ಆಗಿ ಉತ್ತರ ಬರೋಷ್ಟರಲ್ಲಿ ಲೈನ್ ಹೋದರೆ ಸ್ಕ್ರಿಪ್ಟ್ ಮತ್ತೆ ಕಳಿಸುತ್ತೆ, ಯೂನಿಕ್ ಇಲ್ಲದಿದ್ದರೆ ಒಂದೇ ಗಾಡಿಗೆ ಎರಡು ತೂಕ ಬೀಳುತ್ತೆ. ನೆಟ್ ಇಲ್ಲದಾಗಲೂ ಗಾಡಿ ನಿಲ್ಲಿಸಬೇಕಿಲ್ಲ.

ಚಂದ್ರವಳ್ಳಿ, ಚಿತ್ರದುರ್ಗ

ಕನ್ನಡ ಹೆಸರಿನ ಬಗ್ಗೆ ಬರೀತೀನಿ. ‘ತಿಪ್ಪೇರುದ್ರಪ್ಪ’ ತಗೊಳ್ಳಿ. ಕಣ್ಣಿಗೆ 5 ಅಕ್ಷರ. ಯೂನಿಕೋಡ್‌ನಲ್ಲಿ 14 ಕೋಡ್‌ಪಾಯಿಂಟ್ (ಸಂಕೇತ ಸಂಖ್ಯೆ), ಯುಟಿಎಫ್-8ರಲ್ಲಿ 42 ಬೈಟ್. ಫೀಲ್ಡ್‌ನ ಉದ್ದದ ಮಿತಿ ಮ್ಯಾಕ್ಸ್_ಲೆಂಗ್ತ್ ಎಣಿಸೋದು ಆ 14ನ್ನು. ಎಸ್‌ಕ್ಯುಲೈಟ್ ಉದ್ದದ ಮಿತಿಯನ್ನು ಜಾರಿ ಮಾಡಲ್ಲ, ಪೋಸ್ಟ್‌ಗ್ರೆಸ್ ಮಾಡುತ್ತೆ. ಊರು, ತಂದೆ ಹೆಸರು ಸೇರಿಸಿ ಬರೆಯೋ ಕಾಲಂಗೆ 50 ಸಾಲಲ್ಲ, 200 ಇಡಿ.

ಈಗ ಎರಡು ಸಲ ಸೇರೋ ಕಾರಣ. ‘ಪ್ಪೇ’ಯಲ್ಲಿರೋ ಏತ್ವ ದೀರ್ಘವನ್ನು ಒಂದೇ ಕೋಡ್‌ಪಾಯಿಂಟ್ ಆಗಿ ಬರೆಯಬಹುದು, ಇಲ್ಲವೇ ಎತ್ವ ಮತ್ತು ದೀರ್ಘದ ಗುರುತು ಅಂತ ಎರಡಾಗಿ. ಎರಡನೇ ರೀತಿಯಲ್ಲಿ ಬಂದರೆ ಅದೇ ಹೆಸರು 15 ಕೋಡ್‌ಪಾಯಿಂಟ್. ಪರದೆ ಮೇಲೆ ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ, ಡೇಟಾಬೇಸ್‌ಗೆ ಇವು ಬೇರೆ ಬೇರೆ ಹೆಸರು, ಯೂನಿಕ್ ಕೂಡ ಹಿಡಿಯಲ್ಲ. ದೀರ್ಘದ ಕೀ, ಕೇ, ಕೋ, ಜತೆಗೆ ಕೊ, ಕೈ ಎಲ್ಲದಕ್ಕೂ ಇದೇ ಕಥೆ. ಮಾಡೆಲ್ ಫೀಲ್ಡ್‌ನ ಗೆಟ್_ಪ್ರೆಪ್_ವ್ಯಾಲ್ಯೂನಲ್ಲಿ ಪೈಥಾನ್‌ನ ಯೂನಿಕೋಡ್‌ಡೇಟಾ.ನಾರ್ಮಲೈಸ್‌ನಿಂದ ಎನ್‌ಎಫ್‌ಸಿ (ಎರಡಾಗಿ ಬರೆದದ್ದನ್ನು ಒಂದಾಗಿಸಿದ ರೂಪ) ಮಾಡಿ. ಅಲ್ಲಿ ಮಾಡಿದರೆ ಸೇವ್‌ಗೂ ಸರಿ, ನೇರ ಹೋಲಿಸಿ ಹುಡುಕೋದಕ್ಕೂ ಸರಿ.

ಹಳೇ ಸಾಲುಗಳನ್ನು ಸರಿ ಮಾಡುವಾಗ ದಯವಿಟ್ಟು ಹೆಸರು ಒಂದೇ ಅಂತ ಖಾತೆ ಸೇರಿಸಬೇಡಿ. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರು ಇರ್ತಾರೆ. ಮೊಬೈಲ್ ನಂಬರ್ ಹೋಲಿಸಿ, ಮನುಷ್ಯರು ನೋಡಿ ಸೇರಿಸಲಿ. ಅದು ರೈತರ ದುಡ್ಡಿನ ಲೆಕ್ಕ.

‘ರ‍್ಯ’ದಂಥ ಬರಹಕ್ಕೆ ಬಳಸೋ ಕಾಣದ ಜೋಡಕ ಅಕ್ಷರವನ್ನು ಎನ್‌ಎಫ್‌ಸಿ ತೆಗೆಯಲ್ಲ. ತೋರಿಸೋ ಕಾಲಂನಲ್ಲಿ ಹಾಗೇ ಬಿಡಿ, ಹುಡುಕೋಕೆ ಬೇರೆ ಕಾಲಂ ಮಾಡಿ ಅಲ್ಲಿ ಮಾತ್ರ ತೆಗೆಯಿರಿ. ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಇದ್ದರೆ ಅದು ಯೂನಿಕೋಡ್ ಅಲ್ಲ, ಪರಿವರ್ತಿಸಿಯೇ ಒಳಗೆ ಹಾಕಬೇಕು.

ಕ್ರಮದ ವಿಷಯ: ಯೂನಿಕೋಡ್ ಸಂಖ್ಯೆಯಲ್ಲಿ ‘ಳ’ ಇರೋದು ‘ಲ’ ಪಕ್ಕ, ‘ವ’ಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ‘ಹ’ ಆದಮೇಲೆ. ಹಾಗಾಗಿ ಡೇಟಾಬೇಸ್ ಕೊಲೇಷನ್ (ಅಕ್ಷರ ಜೋಡಿಸೋ ಕ್ರಮ) ಬರೀ ಸಂಖ್ಯೆ ನೋಡೋ ‘ಸಿ’ ಇದ್ದರೆ ‘ಕಳಸಪ್ಪ’ ಮೊದಲು ಬಂದು ‘ಕವಿತಾ’ ಆಮೇಲೆ ಬರುತ್ತೆ. ಹೆಸರಿನ ಫೀಲ್ಡ್‌ಗೆ ಡಿಬಿ_ಕೊಲೇಷನ್='ಕೆಎನ್-ಎಕ್ಸ್-ಐಸಿಯು' ಕೊಟ್ಟು ಮೈಗ್ರೇಷನ್ ಮಾಡಿ (ಮೂಲದಲ್ಲಿ ಎಲ್ಲ ಸಣ್ಣ ಇಂಗ್ಲಿಷ್ ಅಕ್ಷರ), ಈ ಎರಡು ಹೆಸರು ಹಾಕಿ ಆರ್ಡರ್_ಬೈ ಪರೀಕ್ಷಿಸಿ. ಇಂಡೆಕ್ಸೂ ಅದೇ ಕ್ರಮದಲ್ಲಿ ಕಟ್ಟಿಕೊಳ್ಳುತ್ತೆ.

ಬಾತಿಕೆರೆ

ಆನ್_ಕಮಿಟ್ ಮಾಡಿ ವರ್ಕರ್ 5 × 4 ಮಾಡಿದೆ, ಐಡಲ್ ಇನ್ ಟ್ರಾನ್ಸಾಕ್ಷನ್ ಈಗ 0 ಅಥವಾ 1. ಕೊಲೇಷನ್ ಪರೀಕ್ಷೆಗೆ ಹೊಸ ಡೇಟಾಬೇಸ್ ಮಾಡಿದೆ, ಅಲ್ಲಿ ಮೈಗ್ರೇಟ್ ಕೊಟ್ಟರೆ ‘ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’. ಗ್ರಾಂಟ್ ಆಲ್ ಆನ್ ಡೇಟಾಬೇಸ್ ಕೊಟ್ಟರೂ ಅದೇ.

ಹೊಂಡದ_ಸರ್ಕಲ್

ಪೋಸ್ಟ್‌ಗ್ರೆಸ್ 15ರಿಂದ ಪಬ್ಲಿಕ್ ಸ್ಕೀಮಾದಲ್ಲಿ (ಡೇಟಾಬೇಸ್ ಒಳಗೆ ಟೇಬಲ್‌ಗಳಿರೋ ವಿಭಾಗ) ಎಲ್ಲರಿಗೂ ಟೇಬಲ್ ಕಟ್ಟೋ ಹಕ್ಕು ಇಲ್ಲ. ಡೇಟಾಬೇಸ್ ಮೇಲಿನ ಗ್ರಾಂಟ್ ಸ್ಕೀಮಾಗೆ ಇಳಿಯಲ್ಲ. ಆಲ್ಟರ್ ಡೇಟಾಬೇಸ್ ಮಂಡಿ_ಟೆಸ್ಟ್ ಓನರ್ ಟು ಮಂಡಿ_ಆ್ಯಪ್. ಅಷ್ಟೇ ಸಾಕು, ಹೊಸ ಡೇಟಾಬೇಸ್‌ನಲ್ಲಿ ಪಬ್ಲಿಕ್ ಸ್ಕೀಮಾ ಡೇಟಾಬೇಸ್ ಓನರ್‌ನ ವಶದಲ್ಲೇ ಇರುತ್ತೆ. ಹೋಸ್ಟ್ ಖಾಲಿ ಬಿಟ್ಟಿದ್ದರೆ ಮುಂದಿನ ಎರರ್ ‘ಪೀರ್ ಆಥೆಂಟಿಕೇಷನ್ ಫೇಲ್ಡ್’ ಬರಬಹುದು, ಹೋಸ್ಟ್ 127.0.0.1 ಕೊಡಿ, ಆಗ ಪಾಸ್‌ವರ್ಡ್ ದಾರಿಯಲ್ಲಿ ಹೋಗುತ್ತೆ.