ಎಂಜಿನ್ ದೋಷ ವರದಿ ತಿರಸ್ಕೃತವಾಗದಂತೆ ಬರೆಯುವುದು ಹೇಗೆ? ಅನುಭವವಿದ್ದವರು ತಿಳಿಸಿ

ಕೇಳಿದವರು:

ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಸಿಮ್ಯುಲೇಟರ್ ಒಂದರಲ್ಲಿ ನಾನು ಹೆಚ್ಚಾಗಿ ಪಿ-51ಡಿ ಮಸ್ಟ್ಯಾಂಗ್ ಹಾರಿಸುತ್ತೇನೆ. ಮ್ಯಾನಿಫೋಲ್ಡ್ ಒತ್ತಡವನ್ನು (ಎಂಜಿನ್ನಿನೊಳಕ್ಕೆ ಹೋಗುವ ಗಾಳಿಯ ಒತ್ತಡ, ಪಾದರಸದ ಇಂಚುಗಳಲ್ಲಿ) 61 ಇಂಚಿನಲ್ಲೂ ಎಂಜಿನ್ ವೇಗವನ್ನು 3000 ಆರ್‌ಪಿಎಂನಲ್ಲೂ ಇಟ್ಟು 15 ನಿಮಿಷ ಹಾರಿಸಿದರೆ, ಕೂಲಂಟ್ (ಎಂಜಿನ್ ತಣಿಸುವ ದ್ರವ) ಉಷ್ಣತೆ ಮಿತಿಯೊಳಗೇ ಇದ್ದರೂ ಎಂಜಿನ್ ಇದ್ದಕ್ಕಿದ್ದಂತೆ ಕೆಟ್ಟು ನಿಲ್ಲುತ್ತದೆ. ‘ಎಂಜಿನ್ ವಾಸ್ತವಕ್ಕೆ ದೂರವಾಗಿದೆ, ದಯವಿಟ್ಟು ಸರಿಪಡಿಸಿ’ ಎಂದು ಅಭಿವೃದ್ಧಿ ತಂಡಕ್ಕೆ ಬರೆದೆ. ‘ಕೈಪಿಡಿಯ ಮಿತಿಯಂತೆಯೇ ಇದೆ, ದೋಷವಲ್ಲ’ ಎಂಬ ಒಂದು ಸಾಲಿನ ಉತ್ತರ ಕೊಟ್ಟು ವರದಿಯನ್ನು ಮುಚ್ಚಿಬಿಟ್ಟರು. ಇಂಥ ವರದಿಯನ್ನು ಬರೆದು ಒಪ್ಪಿಸಿದ ಅನುಭವ ಯಾರಿಗಾದರೂ ಇದೆಯೇ?

ಮೊದಲ ಉತ್ತರ:

ನಿಮ್ಮ ವರದಿಯನ್ನು ಮುಚ್ಚಿದವರನ್ನು ನಾನು ಪೂರ್ತಿ ದೂರಲಾರೆ, ಏಕೆಂದರೆ ‘ವಾಸ್ತವಕ್ಕೆ ದೂರವಾಗಿದೆ’ ಎನ್ನುವುದು ನಿಮ್ಮ ತೀರ್ಮಾನವೇ ಹೊರತು ಎಂಜಿನ್ ಮಾಡಿದ್ದೇನು ಎಂಬುದರ ವಿವರವಲ್ಲ. ನಾನು ಕಳಿಸಿದ ಮೊದಲ ಮೂರು ವರದಿಗಳೂ ಇದೇ ಕಾರಣಕ್ಕೆ ಬಿದ್ದುಹೋದವು.

ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. ಆ ವಿಮಾನದ ಪ್ಯಾಕರ್ಡ್ ವಿ-1650-7 ಎಂಜಿನ್‌ಗೆ ಕೈಪಿಡಿ ಕೊಟ್ಟಿರುವ ಮಿತಿಗಳು ಹೀಗಿವೆ: 46 ಇಂಚು ಮತ್ತು 2700 ಆರ್‌ಪಿಎಂನಲ್ಲಿ ನಿರಂತರವಾಗಿ ಹಾರಬಹುದು, 61 ಇಂಚು ಮತ್ತು 3000 ಆರ್‌ಪಿಎಂನಲ್ಲಿ 15 ನಿಮಿಷ, ಯುದ್ಧದ ತುರ್ತಿನಲ್ಲಿ 67 ಇಂಚು ಮತ್ತು 3000 ಆರ್‌ಪಿಎಂನಲ್ಲಿ 5 ನಿಮಿಷ. ಈ ನಿಮಿಷಗಳನ್ನು ನಿಗದಿಪಡಿಸಿದ್ದು ಎಂಜಿನ್ ತನ್ನ ಮುಂದಿನ ಪೂರ್ಣ ದುರಸ್ತಿಯವರೆಗೆ ನಂಬಿಕೆಗೆ ಅರ್ಹವಾಗಿ ಉಳಿಯಲೆಂದೇ ಹೊರತು, ಹದಿನಾರನೆಯ ನಿಮಿಷಕ್ಕೆ ಅದು ಒಡೆಯುತ್ತದೆಂದಲ್ಲ. ಎಂಜಿನ್ನಿನೊಳಗೆ ಗಡಿಯಾರವಿಲ್ಲ; ಅಲ್ಲಿರುವುದು ಉಷ್ಣತೆ, ಒತ್ತಡ, ಸವೆತ, ಮತ್ತು ಇಂಧನದ ಗುಣಮಟ್ಟ ಸಾಲದಿದ್ದಾಗ ಸಿಲಿಂಡರಿನೊಳಗೆ ಮಿಶ್ರಣವು ಸಮನಾಗಿ ಉರಿಯುವ ಬದಲು ಸಿಡಿಯುವ ಡೆಟೊನೇಷನ್. ಆದ್ದರಿಂದ ‘15 ನಿಮಿಷಕ್ಕೆ ಕೆಡಬಾರದು’ ಎಂದು ವಾದಿಸಲು ಹೋಗಬೇಡಿ. ಆ ವಾದಕ್ಕೆ ಅವರು ಕೈಪಿಡಿಯನ್ನು ಮತ್ತೆ ಮುಂದಿಡುತ್ತಾರೆ. ‘ಕೆಡುವುದಕ್ಕೂ ಉಷ್ಣತೆಗೂ ಯಾವ ಸಂಬಂಧವೂ ಕಾಣುತ್ತಿಲ್ಲ’ ಎಂಬುದನ್ನು ತೋರಿಸಿ. ಅದು ಅಳೆದು ತೋರಿಸಬಹುದಾದ ಸಂಗತಿ.

ತೋರಿಸುವುದು ಹೇಗೆಂದರೆ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ರೇಡಿಯೇಟರ್ ಬಾಗಿಲನ್ನು ಸ್ವಯಂಚಾಲಿತದಲ್ಲಿ ಬಿಟ್ಟು ಒಮ್ಮೆ, ಅದನ್ನು ಕೈಯಿಂದ ಪೂರ್ತಿ ತೆರೆದು ಇನ್ನೊಮ್ಮೆ, ಬಳಿಕ ಚಳಿಗಾಲದ ಹವಾಮಾನದಲ್ಲಿ ಮತ್ತೊಮ್ಮೆ ಹಾರಿಸಿ, ಪ್ರತಿ ಸಲವೂ ಎಂಜಿನ್ ಕೆಟ್ಟ ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದುಕೊಳ್ಳಿ. ಇಷ್ಟೆಲ್ಲ ಬದಲಾದರೂ ಸಮಯ ಬದಲಾಗದಿದ್ದರೆ ಅಲ್ಲಿ ಕೆಲಸ ಮಾಡುತ್ತಿರುವುದು ಬರೀ ನಿಮಿಷಗಳ ಎಣಿಕೆಯೇ. ಕೊನೆಗೆ, 14 ನಿಮಿಷವಾದ ಮೇಲೆ ಥ್ರಾಟಲನ್ನು (ಎಂಜಿನ್ ಶಕ್ತಿ ಏರಿಳಿಸುವ ಹಿಡಿಕೆಯನ್ನು) ಕೆಲವೇ ಸೆಕೆಂಡು ಇಳಿಸಿ ಮತ್ತೆ 61 ಇಂಚಿಗೆ ಏರಿಸಿ ನೋಡಿ. ಹೊಸದಾಗಿ 15 ನಿಮಿಷ ಸಿಕ್ಕಿದರೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ, ಕಾದ ಲೋಹ ಅಷ್ಟು ಬೇಗ ತಣಿಯುವುದಿಲ್ಲ.

ಎರಡನೆಯ ಉತ್ತರ:

ನಾನು ನಗೆಪಾಟಲಾದ ಕಥೆಯನ್ನೂ ಹೇಳಿಬಿಡುತ್ತೇನೆ, ವರದಿ ಬರೆಯುವ ಮುನ್ನ ಇತಿಹಾಸವನ್ನು ಯಾಕೆ ಓದಬೇಕೆಂಬುದಕ್ಕೆ ಅದು ಉಪಯೋಗಕ್ಕೆ ಬಂದೀತು. ಸಿಮ್ಯುಲೇಟರಿನಲ್ಲಿ 1940ರ ಬ್ರಿಟಿಷ್ ಸ್ಪಿಟ್‌ಫೈರ್‌ನಲ್ಲಿ ಮೂತಿಯನ್ನು ಥಟ್ಟನೆ ಕೆಳಗೆ ಒತ್ತಿದರೆ ಎಂಜಿನ್ ತಡವರಿಸುತ್ತದೆ, ಎದುರಾಳಿ ಜರ್ಮನರ ಮೆಸ್ಸರ್‌ಶ್ಮಿಟ್ ಬಿಎಫ್ 109ಇ ಮಾತ್ರ ಸಲೀಸಾಗಿ ಧುಮುಕುತ್ತದೆ, ಇದು ಪಕ್ಷಪಾತ ಎಂದು ಎರಡು ಪುಟ ಬರೆದಿದ್ದೆ. ನಿಜದಲ್ಲಿ ಸ್ಪಿಟ್‌ಫೈರ್‌ನ ಆ ಕಾಲದ ಮರ್ಲಿನ್ ಎಂಜಿನ್‌ಗೆ ಇದ್ದದ್ದು ಫ್ಲೋಟ್ (ಇಂಧನದ ಮಟ್ಟ ಕಾಯುವ ತೇಲುಬುಂಡೆ) ಇರುವ ಕಾರ್ಬ್ಯುರೇಟರ್, ಅಂದರೆ ಗಾಳಿಗೆ ಇಂಧನ ಬೆರೆಸುವ ಸಾಧನ. ಋಣ ಗುರುತ್ವದಲ್ಲಿ, ಅಂದರೆ ಮೂತಿ ಥಟ್ಟನೆ ಕೆಳಗಿಳಿದು ಎಲ್ಲವೂ ಮೇಲಕ್ಕೆ ಎಳೆದಂತಾಗುವಾಗ, ಅದರ ಕೋಣೆಯ ಇಂಧನ ಮೇಲಕ್ಕೆ ಚಿಮ್ಮಿ ಮೊದಲು ಎಂಜಿನ್‌ಗೆ ಇಂಧನ ಸಾಲದೆ ಹೋಗುತ್ತಿತ್ತು, ಹಾಗೆಯೇ ಮುಂದುವರಿದರೆ ಇಂಧನ ಅತಿಯಾಗಿ ನುಗ್ಗಿ ಉಸಿರುಗಟ್ಟುತ್ತಿತ್ತು. ಬಿಎಫ್ 109ಇಯಲ್ಲಿದ್ದ ಜರ್ಮನರ ಡಿಬಿ 601 ಎಂಜಿನ್ನಿನಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚುಚ್ಚುವ ವ್ಯವಸ್ಥೆ ಇದ್ದುದರಿಂದ ಅದಕ್ಕೆ ಈ ಕಾಟವಿರಲಿಲ್ಲ. 1941ರಲ್ಲಿ ಬ್ರಿಟನ್ನಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಅವರು ಇಂಧನದ ಹರಿವನ್ನು ಮಿತಗೊಳಿಸುವ ಪುಟ್ಟ ತಡೆಯೊಂದನ್ನು ರೂಪಿಸಿದ ಮೇಲೆ ಆ ಅತಿಯಾದ ನುಗ್ಗುವಿಕೆ ನಿಂತಿತು. ಮೊದಲ ಕ್ಷಣದ ತಡವರಿಕೆ ಆಮೇಲೂ ಉಳಿದಿತ್ತು. ಅಂದರೆ ಸಿಮ್ಯುಲೇಟರ್ ಸರಿಯಾಗಿಯೇ ಇತ್ತು, ಓದದೆ ಬರೆದವನು ನಾನು.

ಮೂರನೆಯ ಉತ್ತರ:

ವರದಿಗೆ ಮೊದಲು ನಿಮ್ಮ ಕಡೆಯ ದೋಷಗಳನ್ನು ತಳ್ಳಿಹಾಕಿ. ಮಾಡ್‌ಗಳನ್ನೆಲ್ಲ (ಬಳಕೆದಾರರು ಮಾಡಿದ ಮಾರ್ಪಾಡುಗಳನ್ನು) ತೆಗೆಯಿರಿ, ಸ್ವಯಂಚಾಲಿತ ಎಂಜಿನ್ ನಿರ್ವಹಣೆಯ ಆಯ್ಕೆ ಗುಟ್ಟಾಗಿ ಚಾಲೂ ಇದೆಯೇ ನೋಡಿ, ಥ್ರಾಟಲ್ ಹಿಡಿಕೆಯಿಂದ ಕಂಪ್ಯೂಟರಿಗೆ ಹೋಗುವ ಸಂಕೇತ ನಡುಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ನನ್ನ ಹಳೆಯ ಸಾಧನದಲ್ಲಿ ಆ ನಡುಕದಿಂದಲೇ ಒತ್ತಡ 61ರಿಂದ ಆಗಾಗ 63ಕ್ಕೆ ಜಿಗಿಯುತ್ತಿತ್ತು, ಎಂಜಿನ್ ಬೇಗ ಕೆಡುತ್ತಿದ್ದದ್ದು ಅದರಿಂದ.

ನಾಲ್ಕನೆಯ ಉತ್ತರ:

ಆಧಾರ ಕೊಡುವಾಗ ಅಳತೆಯ ಮಾನಗಳಲ್ಲಿ ಎಡವಬೇಡಿ. ಅಮೆರಿಕನ್ನರ ಮ್ಯಾನಿಫೋಲ್ಡ್ ಒತ್ತಡ ಪಾದರಸದ ಇಂಚುಗಳಲ್ಲಿದ್ದು, ಅದರಲ್ಲಿ ವಾತಾವರಣದ ಒತ್ತಡವೂ ಸೇರಿರುತ್ತದೆ. ಬ್ರಿಟಿಷರ ಬೂಸ್ಟ್ ಎಂದರೆ ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬ ಲೆಕ್ಕ, ಚದರ ಇಂಚಿಗೆ ಪೌಂಡುಗಳಲ್ಲಿ. ಹಾಗಾಗಿ ಬ್ರಿಟಿಷ್ ದಾಖಲೆಯ +18 ಪೌಂಡ್ ಎಂದರೆ ಸುಮಾರು 67 ಇಂಚು. ಜರ್ಮನ್ ದಾಖಲೆಗಳಲ್ಲಿ ಬರುವ ‘ಅಟಾ’ (ವಾತಾವರಣದ ಒತ್ತಡವೂ ಸೇರಿ, ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಲೆಕ್ಕ) ಮತ್ತೆ ಬೇರೆಯೇ, 1.42 ಅಟಾ ಎಂದರೆ ಸುಮಾರು 41 ಇಂಚು. ಇವನ್ನು ಬೆರೆಸಿದ ವರದಿಯನ್ನು ಯಾರೂ ಮುಂದಕ್ಕೆ ಓದುವುದಿಲ್ಲ. ಅದೇ ಮಾದರಿಯ ಎಂಜಿನ್, ಅದೇ ಇಂಧನ ಬಳಸಿದ ಪರೀಕ್ಷಾ ಹಾರಾಟದ ದಾಖಲೆ ಸಿಕ್ಕರೆ ಅದರ ಪುಟವನ್ನೇ ಲಗತ್ತಿಸಿ. ಪೈಲಟ್‌ಗಳ ನೆನಪುಗಳು ಓದಲು ಎಷ್ಟೇ ಸೊಗಸಾಗಿದ್ದರೂ ಇಲ್ಲಿ ಸಾಕ್ಷ್ಯಕ್ಕೆ ನಿಲ್ಲುವುದಿಲ್ಲ. ಎಂಜಿನ್ ಶಕ್ತಿಯ ಬಗ್ಗೆ ದೂರುವವರು ಹವಾಮಾನವನ್ನು ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, 29.92 ಇಂಚು ಎಂಬ ಪ್ರಮಾಣಿತ ವಾತಾವರಣಕ್ಕೆ ಹೊಂದಿಸಿಕೊಂಡೇ ಅಳೆಯಬೇಕು, ಇಲ್ಲವಾದರೆ ಹೋಲಿಕೆಯೇ ಸಾಧ್ಯವಿಲ್ಲ.

ಕೇಳಿದವರು, ಎರಡು ದಿನಗಳ ಬಳಿಕ:

ಎಲ್ಲರಿಗೂ ಧನ್ಯವಾದಗಳು. ಮಾಡ್‌ಗಳನ್ನು ತೆಗೆದು, ಹೇಳಿದಂತೆ ಒಂದೊಂದಾಗಿ ಪರೀಕ್ಷಿಸಿದೆ. ಹೊಸ ವರದಿಯ ಕರಡು ಇದು, ತಪ್ಪಿದ್ದರೆ ತಿದ್ದಿ:

‘ಪಿ-51ಡಿ, 5000 ಅಡಿ ಎತ್ತರ, ಪ್ರಮಾಣಿತ ಹವಾಮಾನ (ಚಳಿಗಾಲದ ಪರೀಕ್ಷೆ ಬಿಟ್ಟು), 61 ಇಂಚು, 3000 ಆರ್‌ಪಿಎಂ. ರೇಡಿಯೇಟರ್ ಸ್ವಯಂಚಾಲಿತದಲ್ಲಿದ್ದಾಗಲೂ ಪೂರ್ತಿ ತೆರೆದಾಗಲೂ ಚಳಿಗಾಲದ ಹವಾಮಾನದಲ್ಲೂ ಎಂಜಿನ್ ಒಂದೇ ಸಮಯಕ್ಕೆ ಕೆಡುತ್ತದೆ. ಕೂಲಂಟ್ ಉಷ್ಣತೆ ಮೂರು ಸಲವೂ ಬೇರೆಬೇರೆಯಾಗಿತ್ತು, ಒಮ್ಮೆಯೂ ಗರಿಷ್ಠ ಮಿತಿಯಾದ 121 ಡಿಗ್ರಿಯನ್ನು ಮುಟ್ಟಲಿಲ್ಲ. ಹದಿನಾಲ್ಕನೆಯ ನಿಮಿಷದಲ್ಲಿ ಥ್ರಾಟಲನ್ನು ಹತ್ತು ಸೆಕೆಂಡು 46 ಇಂಚಿಗೆ ಇಳಿಸಿದರೆ ಮತ್ತೆ ಪೂರ್ತಿ 15 ನಿಮಿಷ ಸಿಗುತ್ತದೆ. ನಿರೀಕ್ಷೆ: ಹಾನಿಯು ಉಷ್ಣತೆ ಮತ್ತು ಒಟ್ಟು ಬಳಕೆಯನ್ನು ಅವಲಂಬಿಸಿ ಕ್ರಮೇಣ ಹೆಚ್ಚಬೇಕು. ನಾಲ್ಕೂ ಹಾರಾಟಗಳ ರೆಕಾರ್ಡಿಂಗ್, ಮಿಷನ್ ಫೈಲ್ ಮತ್ತು ಸಿಮ್ಯುಲೇಟರಿನ ಆವೃತ್ತಿ ಸಂಖ್ಯೆಯನ್ನು ಲಗತ್ತಿಸಿದ್ದೇನೆ.’

ಮೊದಲ ಉತ್ತರ ಬರೆದವರು:

‘ನಿರೀಕ್ಷೆ’ಯ ಸಾಲಿನ ಕೆಳಗೆ ಕೈಪಿಡಿಯ ಆ ಪುಟವನ್ನು ನೀವೇ ಮುಂಚಿತವಾಗಿ ಲಗತ್ತಿಸಿ, 15 ನಿಮಿಷದ ಮಿತಿ ನಿಮಗೆ ಗೊತ್ತಿದೆಯೆಂದು ಒಂದು ವಾಕ್ಯ ಸೇರಿಸಿ. ಉಳಿದಂತೆ ಹೀಗೆಯೇ ಕಳಿಸಬಹುದು.